ತೊಳೆದ ಕಲ್ಲುಗಳು

ಕೆಂಚಕ್ಕ ಕರಿಹಲಗೆ ಒರೆಸುತ್ತಿದ್ದಳು. ಒದ್ದೆ ಬಟ್ಟೆಯನ್ನು ಮೇಲಿನ ಮೂಲೆಯಿಂದ ಕೆಳಕ್ಕೆ ಎಳೆಯುವುದು, ಬಕೆಟ್ಟಿನಲ್ಲಿ ಅದ್ದುವುದು, ಹಿಂಡುವುದು, ಮತ್ತೆ ಎಳೆಯುವುದು. ಶಾಲೆಗೆ ಇನ್ನೂ ಯಾರೂ ಬಂದಿರಲಿಲ್ಲ. ಹಲಗೆಯ ಮೇಲೆ ಇದ್ದುದನ್ನೆಲ್ಲ ಒಮ್ಮೆ ಓದಿ ಆಮೇಲೆ ಒರೆಸುವುದು ಅವಳ ಅಭ್ಯಾಸ. ತುಟಿ ಅಲ್ಲಾಡಿಸದೆ ಓದುತ್ತಿದ್ದಳು. ಬಾಗಿಲಲ್ಲಿ ಯಾರಾದರೂ ನಿಂತಿದ್ದರೂ ಅವಳು ಓದುತ್ತಿದ್ದಾಳೆಂದು ಗೊತ್ತಾಗಬಾರದು.

ಅವತ್ತು ಹಲಗೆಯ ಮೇಲೆ ‘ಪ್ರಾಚೀನ ಪ್ರಪಂಚದ ಅದ್ಭುತಗಳು’ ಎಂದಿತ್ತು. ಕೆಳಗೆ ಒಂದು ಮುಮ್ಮೂಲೆಯ ಗುಡ್ಡದ ಚಿತ್ರ. ಗುಡ್ಡವಲ್ಲ, ಪಿರಮಿಡ್ಡು. ಇಪ್ಪತ್ಮೂರು ಲಕ್ಷ ಕಲ್ಲು, ಇಪ್ಪತ್ತು ವರ್ಷ. ಅದನ್ನು ಕೊನೆಗೆ ಒರೆಸಿದಳು.

ಅವಳಿಗೆ ಹತ್ತೊಂಬತ್ತು ವರ್ಷ. ಏಳನೇ ತರಗತಿಗೆ ಓದು ನಿಂತಿತ್ತು. ಊರಿನ ಹೈಸ್ಕೂಲಿನಲ್ಲಿ ಕಸ ಹೊಡೆಯುವ ಕೆಲಸ ಅವಳ ಅವ್ವ ಸೂರಮ್ಮನದು. ಸೂರಮ್ಮನ ಸೊಂಟ ಬಿದ್ದುಹೋದ ಮೇಲೆ ಪೊರಕೆ ಮಗಳ ಕೈಗೆ ಬಂತು. ಎ.ಕೆ. ಕಾಲೋನಿಯಿಂದ ಆ ಹೈಸ್ಕೂಲಿನ ಗೇಟಿನೊಳಗೆ ಹೋಗುತ್ತಿದ್ದವಳು ಅವಳೊಬ್ಬಳೇ. ಕಾಲೋನಿಯ ಮಕ್ಕಳು ಅಕ್ಷರ ಕಲಿಯುವ ಮೊದಲೇ ಕುರಿ ಹಿಂದೆಯೋ, ಶೇಂಗಾ ಹೊಲಕ್ಕೋ, ಮೊಳಕಾಲ್ಮೂರಿನ ಮಗ್ಗದ ಮನೆಗಳಿಗೆ ನೂಲಿನ ಕಂಡಿಕೆ ಸುತ್ತುವುದಕ್ಕೋ ಹೋಗಿರುತ್ತಿದ್ದರು.

ಭೂಗೋಳದ ಮೇಷ್ಟ್ರು ಓಂಕಾರಮೂರ್ತಿ. ಚಳ್ಳಕೆರೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ಅವರ ಪಾಠ ನಡೆಯುವಾಗ ಕೆಂಚಕ್ಕ ಜಗಲಿಯಲ್ಲಿ ಗುಡಿಸಿದ ಜಾಗವನ್ನೇ ಎರಡನೇ ಸಲ ಗುಡಿಸುತ್ತಿದ್ದಳು. ಅದು ಅವರಿಗೆ ಗೊತ್ತಿತ್ತು. ಓಡಿಸುತ್ತಿರಲಿಲ್ಲ. ಒಂದು ದಿನ ಕಿಟಕಿಯಲ್ಲೇ ಕೇಳಿದ್ದರು: “ಏನು ಕೆಂಚಕ್ಕ, ನೈಲ್ ನದಿ ಯಾವ ದೇಶದ್ದು ಹೇಳು ನೋಡೋಣ.” ಅವಳು ನೆಲ ನೋಡಿಕೊಂಡು “ಈಜಿಪ್ಟು ಸಾರ್” ಎಂದಿದ್ದಳು. “ನೋಡ್ರೋ, ಕಸ ಹೊಡಿಯೋಳಿಗೆ ಗೊತ್ತೈತೆ, ನಿಮಗೆ ಗೊತ್ತಿಲ್ಲ” ಎಂದು ಅವರು ತರಗತಿಗೆ ಬೈದರು. ಹುಡುಗರು ನಕ್ಕರು. ಕೆಂಚಕ್ಕನಿಗೆ ಆ ಮಾತಿನಲ್ಲಿ ಅರ್ಧ ಹೊಗಳಿಕೆ, ಅರ್ಧ ಏಟು ಕಂಡಿತ್ತು. ಹೊಗಳಿಕೆಯ ಅರ್ಧವನ್ನೇ ಮನೆಗೆ ತಂದುಕೊಂಡಿದ್ದಳು. ಆ ಊರಲ್ಲಿ ಅವಳನ್ನು ಕೆಂಚಿ ಎನ್ನದೆ ಪೂರ್ತಿ ಹೆಸರಿನಿಂದ ಕೂಗುತ್ತಿದ್ದವರು ಅವರೊಬ್ಬರೇ.

ಅದಕ್ಕೇ ಅವರು ಕಲ್ಲು ಕೇಳಿದಾಗ ಅವಳು ಹಾಗೆ ಹೇಳಿಬಿಟ್ಟಳು.

ಮಾರ್ನಮಿ ಅಮಾಸೆಯ ಹಿಂದಿನ ದಿನ ಶಾಲೆಯಲ್ಲಿ ವಸ್ತುಪ್ರದರ್ಶನ. ಶಿಕ್ಷಣ ಇಲಾಖೆಯ ಸಾಹೇಬರು ಬರುವವರಿದ್ದರು. ಕಮಿಟಿ ಅಧ್ಯಕ್ಷ ಮುರುಗೇಂದ್ರಪ್ಪನವರಿಗೆ ಶಾಲೆಗೆ ಇನ್ನೆರಡು ಕೋಣೆ ಮಂಜೂರು ಮಾಡಿಸಿಕೊಳ್ಳಬೇಕಿತ್ತು. “ರಟ್ಟು ಕತ್ತರಿಸಿ ಅಂಟಿಸಿದ್ದು ಬ್ಯಾಡ ಮೇಷ್ಟ್ರೇ. ಅವರು ಹೋದ ಮ್ಯಾಲೂ ಮಾತಾಡಬೇಕು, ಅಂಥದ್ದು ಏನಾರ ಮಾಡ್ರಿ” ಎಂದಿದ್ದರು. ಓಂಕಾರಮೂರ್ತಿ ಮೇಷ್ಟ್ರು ಅಂಗಳದಲ್ಲಿ ಆಳೆತ್ತರದ ಪಿರಮಿಡ್ಡು ಕಟ್ಟಿಸುತ್ತೇನೆಂದರು. ನಿಜವಾದ ಕಲ್ಲಿನದೇ.

“ಚಪ್ಪಟೆ ಕಲ್ಲು ಬೇಕಲ್ಲ” ಎಂದು ಸ್ಟಾಫ್ ರೂಮಿನಲ್ಲಿ ಅವರು ಅಟೆಂಡರ್ ನಾಗೇಂದ್ರಪ್ಪನನ್ನು ಕೇಳಿದರು. ಕೆಂಚಕ್ಕ ಟೀ ಲೋಟ ಎತ್ತಿಕೊಳ್ಳುತ್ತಿದ್ದಳು.

“ಕ್ವಾರಿಯಿಂದ ತರಿಸಬೇಕು ಸಾರ್” ಎಂದ ನಾಗೇಂದ್ರಪ್ಪ.

“ಹಳ್ಳದಾಚೆ ಐತೆ ಸಾರ್” ಎಂದಳು ಕೆಂಚಕ್ಕ.

ಇಬ್ಬರೂ ತಿರುಗಿದರು. ಅವಳಾಗಿಯೇ ಬಾಯಿ ಬಿಟ್ಟದ್ದನ್ನು ಆ ಕೋಣೆ ಯಾವತ್ತೂ ಕೇಳಿರಲಿಲ್ಲ.

“ಹಳ್ಳದಾಚೆ ಎಲ್ಲಿ?”

“ಗುಡ್ಡದ ಮ್ಯಾಲೆ ಸಾರ್. ಹಾಳೆ ಎದ್ದಂಗೆ ಎದ್ದೈತೆ ಕಲ್ಲು. ಗಡಾರಿ ಹಾಕಿ ಮೀಟಿದ್ರೆ ಬರ್ತಾವೆ.”

“ಶಹಬ್ಬಾಸ್” ಎಂದರು ಮೇಷ್ಟ್ರು. “ನಾಳೆ ಹುಡುಗರನ್ನ ಕಳಿಸ್ತೀನಿ.”

ಆ ಗುಡ್ಡಕ್ಕೆ ಹೋಗುವ ದಾರಿಯಲ್ಲಿ, ಅದರ ಬುಡದಲ್ಲಿ, ಕಾಲೋನಿಯವರು ಹೆಣ ಹೂಳುವ ಜಾಗವಿತ್ತು. ಬೇಲಿಯಿಲ್ಲ, ಫಲಕವಿಲ್ಲ. ಒಂದೊಂದು ಗುಂಡಿಯ ತಲೆಗೆ ಒಂದೊಂದು ಚಪ್ಪಡಿ ನೆಟ್ಟಿರುತ್ತಾರೆ. ಬರೆಯಲು ಬರುವವರಿಲ್ಲ. ಅದಕ್ಕೆ ಮನೆಮನೆಗೂ ಒಂದು ಗುರುತು. ಒಬ್ಬರದು ಹುಂಜ, ಒಬ್ಬರದು ಬಾಚಣಿಗೆ, ಒಬ್ಬರದು ತಮಟೆ, ಒಬ್ಬರದು ಚರ್ಮ ಕೊಯ್ಯುವ ಉಳಿ. ಕೆಮ್ಮಣ್ಣು ಕಲಸಿ ಬೆರಳಿನಿಂದ ಬರೆಯುವುದು. ಮಳೆಗೆ, ಬಿಸಿಲಿಗೆ ಅದು ಮಾಸುತ್ತದೆ. ವರ್ಷಕ್ಕೊಮ್ಮೆ ಮಾರ್ನಮಿ ಅಮಾಸೆಗೆ ಹೋಗಿ ಅದರ ಮೇಲೇ ಮತ್ತೆ ತಿದ್ದಿ, ಎಡೆ ಇಟ್ಟು ಬರುತ್ತಾರೆ.

ದಾರಿಯಲ್ಲಿ ನಮ್ಮವರನ್ನು ಹೂತಿದ್ದಾರೆ ಸಾರ್, ಅಲ್ಲಿ ಮುಟ್ಟಬೇಡಿ ಎನ್ನಬೇಕಿತ್ತು. ಮಾತು ನಾಲಿಗೆಯವರೆಗೂ ಬಂತು. ಹಾಗೆಂದರೆ ಆ ಕೋಣೆಯಲ್ಲಿ ಕಾಲೋನಿ ಬಂದು ನಿಲ್ಲುತ್ತದೆ. ಅವಳ ಕೈಯಲ್ಲಿದ್ದ ಲೋಟಗಳ ಕಡೆ ಇಬ್ಬರ ಕಣ್ಣೂ ಹೋಗುತ್ತದೆ. ಇದೀಗ ತಾನೆ ಶಹಬ್ಬಾಸ್ ಎಂದವರ ಎದುರಿಗೆ ಹೆಣದ ಮಾತೇಕೆ ಅನಿಸಿತು. ಹುಡುಗರು ಮೇಲೆ ಹತ್ತಿಯೇ ಹತ್ತುತ್ತಾರೆ ಎಂದುಕೊಂಡಳು. ಲೋಟ ತೊಳೆಯಲು ಹೋದಳು.

ಹುಡುಗರು ಮೇಲೆ ಹತ್ತಲಿಲ್ಲ.

ಮಾರನೆಯ ದಿನ ಮುರುಗೇಂದ್ರಪ್ಪನವರ ಟ್ರ್ಯಾಕ್ಟರ್ ಶಾಲೆಯ ಅಂಗಳದಲ್ಲಿ ಟ್ರೈಲರ್ ಎತ್ತಿ ಕಲ್ಲು ಸುರಿಯಿತು. ನಲವತ್ತಕ್ಕೂ ಹೆಚ್ಚು ಚಪ್ಪಡಿ. ಅಧ್ಯಕ್ಷರ ತಮ್ಮನ ಮಗ ಶಶಿಕಾಂತ್, ಒಂಬತ್ತನೇ ತರಗತಿಯವನು, ಟ್ರೈಲರಿನ ಮೇಲೆ ನಿಂತಿದ್ದ. “ಒಂದೇ ತಾಸು ಸಾರ್! ಗಡಾರಿ ಮುಟ್ಟಲೇ ಇಲ್ಲ. ಅಲ್ಲಾಡಿಸಿದ್ರೆ ಸಾಕು, ಹಲ್ಲು ಬಂದಂಗೆ ಬಂದ್ವು” ಎಂದು ಕೂಗಿದ.

ಕೆಂಚಕ್ಕ ನಿಂತಲ್ಲಿಂದಲೇ ನೋಡಿದಳು. ಒಂದು ಕಲ್ಲಿನ ಮೇಲೆ ಅರ್ಧ ಹುಂಜ ಕಾಣುತ್ತಿತ್ತು.

“ಮಣ್ಣಾಗೈತೆ, ಕೆಂಪಗೆ ಏನೇನೋ ಮೆತ್ತೈತೆ” ಎಂದರು ಮೇಷ್ಟ್ರು. “ಕೆಂಚಕ್ಕ, ಎಲ್ಲಾ ಚೆನ್ನಾಗಿ ತೊಳೆದುಬಿಡು. ನಾಳೆ ಕಟ್ಟಬೇಕು.”

ಅದು ಎರಡನೆಯ ಸಲ. ಈಗಲಾದರೂ ಹೇಳಬಹುದಿತ್ತು. ಮೇಷ್ಟ್ರು ಎರಡೇ ಮಾರು ದೂರದಲ್ಲಿದ್ದರು. ನಾಗೇಂದ್ರಪ್ಪ ತೆಂಗಿನ ನಾರು ಎಸೆದ. ಅವಳು ಅದನ್ನು ಹಿಡಿದುಕೊಂಡಳು.

ಬೋರಿನಿಂದ ನೀರು ಹೊತ್ತಳು. ಇಪ್ಪತ್ತೆಂಟು ಕೊಡ. ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ತೊಡೆಗೆ ಆನಿಸಿಕೊಂಡು ಉಜ್ಜಿದಳು. ಹುಂಜ ಹೋಯಿತು. ಬಾಚಣಿಗೆ ಹೋಯಿತು. ಕೆಂಪು ನೀರು ಅವಳ ಪಾದದ ಸಂದಿಯಲ್ಲಿ ಹರಿದು ಕ್ರೋಟನ್ ಗಿಡದ ಪಾತಿಗೆ ಹೋಯಿತು. ಯಾವುದು ಯಾರದೆಂದು ಅವಳಿಗೆ ಗೊತ್ತಿತ್ತು. ಮೊದಲ ಹತ್ತು ಕಲ್ಲಿನವರೆಗೆ ಮನಸ್ಸಿನಲ್ಲಿ ಹೆಸರು ಹೇಳಿಕೊಂಡಳು. ಆಮೇಲೆ ಅದನ್ನೂ ನಿಲ್ಲಿಸಿದಳು. ಹೆಸರು ಹೇಳಿಕೊಂಡರೆ ಕೈ ಏಳುತ್ತಿರಲಿಲ್ಲ. ಬೆರಳ ತುದಿ ಸುಲಿದು ರಕ್ತ ಬಂತು. ಅದು ಕೆಮ್ಮಣ್ಣಿನ ನೀರಿನಲ್ಲಿ ಬೇರೆಯಾಗಿ ಕಾಣಲಿಲ್ಲ.

ಮೂವತ್ತನೆಯದೋ ಏನೋ, ಅಪ್ಪನ ಕಲ್ಲು ಬಂತು.

ಅಪ್ಪ ಓಬಳೇಶ ಬಾವಿ ತೋಡುವಾಗ ಮಣ್ಣು ಕುಸಿದು ಸತ್ತಿದ್ದ. ಅವಳು ಆಗ ಏಳನೇ ತರಗತಿ. ಹೂತ ದಿನ ಕಾಲೋನಿಯಲ್ಲಿ ಅಕ್ಷರ ಬರುವವಳು ಅವಳೊಬ್ಬಳೇ ಎಂದು ಎಲ್ಲರೂ ಹೇಳಿ, ಒಂದು ದಪ್ಪ ಮೊಳೆ ಕೊಟ್ಟು ಕೂರಿಸಿದ್ದರು. ಅವಳು ಕಲ್ಲಿನ ಮೇಲೆ ‘ಓಬಳೇಶ’ ಎಂದು ಕೊರೆದಿದ್ದಳು. ನಾಲ್ಕು ಅಕ್ಷರಕ್ಕೆ ಮಧ್ಯಾಹ್ನವೆಲ್ಲ ಹಿಡಿದಿತ್ತು. ಆಮೇಲೆ ಅವಳು ಶಾಲೆಗೆ ಹೋಗಲಿಲ್ಲ.

ಎಷ್ಟು ಉಜ್ಜಿದರೂ ಅದು ಹೋಗುವಂಥದ್ದಲ್ಲ. ಅವಳು ಹೆಸರಿದ್ದ ಮಗ್ಗುಲನ್ನು ನೆಲಕ್ಕೆ ಮಾಡಿ ಇಟ್ಟಳು. ಮುಂದಿನ ಕಲ್ಲು ತೆಗೆದುಕೊಂಡಳು.

ಮರುದಿನ ಹುಡುಗರು ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಪೇರಿಸಿದರು. ನುಣುಪು ಮಗ್ಗುಲು ಹೊರಗೆ ಬರಲೆಂದು ಶಶಿಕಾಂತ್, ಅಕ್ಷರ ಗಮನಿಸದೆ, ಓಬಳೇಶನ ಕಲ್ಲನ್ನು ತಿರುವಿ ಹಾಕಿದ. ಕೆಂಚಕ್ಕ ಸುಣ್ಣ ಸೋಸಿ, ನಾರಿನ ಕುಂಚದಿಂದ ಬಳಿದಳು. ಆ ಒಂದು ಕಲ್ಲಿಗೆ ಮೂರು ಸಲ ಬಳಿದಳು.

ಆ ಸಂಜೆ ಪಕ್ಕದ ಗುಡಿಸಲಿನ ಪಾತಮ್ಮ ಎದೆ ಬಡಿದುಕೊಳ್ಳುತ್ತಾ ಬಂದಳು. ರಾಯದುರ್ಗದ ಕಡೆಯಿಂದ ಮದುವೆಯಾಗಿ ಬಂದ ಮುದುಕಿ. ಗಾಬರಿಯಾದರೆ ತೆಲುಗು ಬಾಯಿಗೆ ಬರುತ್ತಿತ್ತು.

“ದೇವುಡಾ! ಸೂರಿ, ಹೊರಕ್ಕೆ ಬಾರೇ. ಒಂದು ಕಲ್ಲೂ ಇಲ್ಲ ಕಣೇ. ಎಲ್ಲಾ ಕಿತ್ಕೊಂಡು ಹೋಗ್ಯಾರೆ. ಗುಂಡಿ ಬಾಯಿ ತಕ್ಕೊಂಡು ಬಿದ್ದಾವೆ.”

ಅಮಾಸೆಗೆ ಮುಳ್ಳು ಸವರಲೆಂದು ಅವಳು ಹೋಗಿದ್ದಳಂತೆ. ಕಾಲೋನಿ ಸೇರಿತು. ರಸ್ತೆ ಕಂಟ್ರಾಕ್ಟರನ ಕೆಲಸ ಎಂದರು ಕೆಲವರು. ಕುರಿ ರೊಪ್ಪಕ್ಕೆ ಯಾರೋ ಒಯ್ದಿದ್ದಾರೆ ಎಂದರು ಕೆಲವರು. ಟ್ರ್ಯಾಕ್ಟರ್ ಗಾಲಿಯ ಗುರುತು ಇದೆ ಎಂದರು.

“ನೀನು ಸ್ಕೂಲಿಗೆ ದಿನಾ ಓಡಾಡ್ತೀಯಲ್ಲ, ಕಲ್ಲಿನ ಟ್ರ್ಯಾಕ್ಟರ್ ಏನಾರ ನೋಡಿದೇನೇ ಕೆಂಚಿ?” ಎಂದು ಸೂರಮ್ಮ ಕೇಳಿದಳು.

“ಇಲ್ಲವ್ವ.”

ಅವಳ ಉಗುರಿನ ಸಂದಿಯಲ್ಲಿ ಸುಣ್ಣವಿತ್ತು. ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಸೂರಮ್ಮ ಅಮಾಸೆಗೆಂದು ಬಟ್ಟಲಿನಲ್ಲಿ ಕೆಮ್ಮಣ್ಣು ನೆನೆಹಾಕಿದ್ದಳು. “ಕಲ್ಲು ಸಿಕ್ಕರೆ ಬೇಕಾಗ್ತೈತೆ” ಎಂದು ಅದಕ್ಕೆ ಇನ್ನಷ್ಟು ನೀರು ಹಾಕಿದಳು. ಕೆಂಚಕ್ಕ ಅವತ್ತು ಉಣ್ಣಲಿಲ್ಲ. ಮೈ ಬೆಚ್ಚಗಿದೆ ಎಂದಳು. ಸೂರಮ್ಮ ಹಣೆ ಮುಟ್ಟಿ ನೋಡಿ, “ತಣ್ಣಗೈತಲ್ಲೇ” ಎಂದಳು.

ಪ್ರದರ್ಶನದ ದಿನ ಬಿಸಿಲು ಚುರುಗುಟ್ಟುತ್ತಿತ್ತು. ಸುಣ್ಣ ಪೂರ್ತಿ ಒಣಗಿ ಪಿರಮಿಡ್ಡು ಕಣ್ಣಿಗೆ ಹೊಡೆಯುವಂತೆ ಬೆಳ್ಳಗಿತ್ತು. ಹನ್ನೊಂದು ಗಂಟೆಗೆ ಜೀಪು ಬಂತು. ಹಾರ, ಎಳನೀರು ಆದವು. ಕೆಂಚಕ್ಕನಿಗೆ ಜಗಲಿಯ ಕೊನೆಯಲ್ಲಿ, ಪೊರಕೆ ಇಡುವ ಕಡೆ ನಿಲ್ಲಲು ಹೇಳಿದ್ದರು.

ಶಿವರಂಜನಿ ಎಂಬ ಹುಡುಗಿ, ಮುರುಗೇಂದ್ರಪ್ಪನವರ ಮಗಳು, ಕೋಲು ಹಿಡಿದು ಪಿರಮಿಡ್ಡಿನ ಪಕ್ಕ ನಿಂತಿದ್ದಳು. ಬಾಯಿಪಾಠ ಮಾಡಿದ್ದನ್ನು ಒಪ್ಪಿಸಿದಳು: “ಇದು ಪ್ರಾಚೀನ ಈಜಿಪ್ಟಿನ ರಾಜರಾದ ಫೇರೋಗಳ ಸಮಾಧಿ. ಸತ್ತವರನ್ನು ಅಲುಗಾಡಿಸುವುದು ಮಹಾ ಅಪರಾಧ ಎಂದು ಆ ಜನ ನಂಬಿದ್ದರು. ಸಮಾಧಿಯನ್ನು ದೋಚಿದವರಿಗೆ ಕಠಿಣ ಶಿಕ್ಷೆ ಕೊಡುತ್ತಿದ್ದರು.”

“ವೆರಿ ಗುಡ್” ಎಂದರು ಸಾಹೇಬರು. ಸುತ್ತ ಒಂದು ಪ್ರದಕ್ಷಿಣೆ ಬಂದರು. ಒಂದು ಕಡೆ ನಿಂತರು. ಬಗ್ಗಿದರು. ಮೂರು ಸಲ ಬಳಿದ ಸುಣ್ಣ ಒಣಗಿ, ಕೊರೆದ ಗೆರೆಗಳೊಳಗೆ ಬಿರುಕು ಬಿಟ್ಟಿತ್ತು. ಕಣ್ಣಿಗೆ ಕನ್ನಡಕ ಏರಿಸಿ ಅವರು ಜೋರಾಗಿ ಓದಿದರು: “ಓ-ಬ-ಳೇ-ಶ.”

ನಿಂತವರು ಮುಖ ಮುಖ ನೋಡಿಕೊಂಡರು.

“ಏನ್ರೀ ಮೇಷ್ಟ್ರೇ, ನಿಮ್ಮ ತಾಲ್ಲೂಕಿನ ಫೇರೋ ಹೆಸರು ಓಬಳೇಶನೇನ್ರೀ?”

ಎಲ್ಲರೂ ನಕ್ಕರು. ಮುರುಗೇಂದ್ರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಓಬಳೇಶ ಮಹಾರಾಜರಿಗೆ ಜೈ!” ಎಂದು ಹಿಂದಿನಿಂದ ಶಶಿಕಾಂತ್ ಕೂಗಿದ. ನಗು ಇನ್ನೂ ಜೋರಾಯಿತು. ಓಂಕಾರಮೂರ್ತಿ ಮೇಷ್ಟ್ರ ಮುಖ ಕೆಂಪಾಯಿತು. ಅವರೂ ನಕ್ಕರು.

“ಯಾವನೋ ಗೀಚ್ಯಾನೆ ಸಾರ್. ಈಗಲೇ ಸರಿ ಮಾಡಿಸ್ತೀನಿ. ಕೆಂಚಕ್ಕ! ಸುಣ್ಣ ತಗೊಂಡು ಬಾ. ಇಲ್ಲೊಂದು ಕೈ ಬಳಿ.”

ಅವಳು ಬಕೆಟ್ಟು ಎತ್ತಿಕೊಂಡು ಬಂದಳು. ಕುಂಚ ಅದ್ದಿದಳು. ಜನ ದಾರಿ ಬಿಟ್ಟರು, ಸೀರೆ ಪಂಚೆ ಸರಿಸಿಕೊಂಡು. ಕಲ್ಲಿನ ಮುಂದೆ ಕೂತಳು. ಅಪ್ಪನ ಹೆಸರು ಅವಳ ಮೂಗಿನ ಎದುರಿಗೇ ಇತ್ತು. ಕುಂಚದಿಂದ ಸುಣ್ಣ ತೊಟ್ಟಿಕ್ಕುತ್ತಿತ್ತು.

ಕುಂಚವನ್ನು ಬಕೆಟ್ಟಿನೊಳಗೆ ಬಿಟ್ಟಳು. ಎದ್ದು ನಿಂತಳು.

“ಬಳಿಯಲ್ಲ ಸಾರ್.”

“ಏನು?”

“ಬಳಿಯಲ್ಲ. ಅದು ನಮ್ಮಪ್ಪಂದು. ಇವೆಲ್ಲಾ ನಮ್ಮ ಎ.ಕೆ. ಕಾಲೋನಿ ಗುಂಡಿ ಮ್ಯಾಲಿನ ಕಲ್ಲು.”

ಅವಳ ದನಿ ಸಣ್ಣದಾಗಿತ್ತು. ಆದರೂ ಎಲ್ಲರಿಗೂ ಕೇಳಿಸಿತು. ಪಿರಮಿಡ್ಡಿಗೆ ಒರಗಿ ನಿಂತಿದ್ದ ಒಬ್ಬರು ಸರಕ್ಕನೆ ದೂರ ಸರಿದು ಭುಜ ಒರೆಸಿಕೊಂಡರು. ಶಿವರಂಜನಿ ಕೋಲನ್ನು ಕೆಳಗೆ ಬಿಟ್ಟಳು.

“ಹೆಣದ ಕಲ್ಲಾ?” ಎಂದರು ಮುರುಗೇಂದ್ರಪ್ಪ. “ಲೇ ಶಶಿ, ಎಲ್ಲಿಂದ ತಂದ್ಯೋ?”

“ಅಲ್ಲೇ ದೊಡ್ಡಪ್ಪ, ಗುಡ್ಡದ ಬುಡದಾಗೆ. ಗೊತ್ತಿತ್ತು, ಅವರು ಹೂಳೋ ಜಾಗ ಅಂತ. ಊರೋರ್ದಲ್ಲವಲ್ಲ, ಯಾರು ಕೇಳ್ತಾರೆ ಅಂದ್ಕೊಂಡೆ.”

“ಮೈಲಿಗೆ ತಂದು ಸ್ಕೂಲಲ್ಲಿ ಪೇರ್ಸೀಯಲ್ಲೋ ಮುಠ್ಠಾಳ!”

ಅವರ ಸಿಟ್ಟು ಕಲ್ಲು ತಂದದ್ದಕ್ಕಲ್ಲ, ಯಾರ ಕಲ್ಲು ತಂದನೆಂಬುದಕ್ಕೆ. ಕೆಂಚಕ್ಕನಿಗೆ ಅದು ಕೂಡಲೇ ತಿಳಿಯಿತು. ಸಾಹೇಬರು ಗಡಿಯಾರ ನೋಡಿಕೊಂಡು ಜೀಪಿನ ಕಡೆ ಹೊರಟರು. ಮುರುಗೇಂದ್ರಪ್ಪ ಅವರ ಹಿಂದೆ ಓಡಿದರು. ಓಂಕಾರಮೂರ್ತಿ ಮೇಷ್ಟ್ರು ಕೆಂಚಕ್ಕನ ಹತ್ತಿರ ಬಂದರು.

“ಹಳ್ಳದಾಚೆ ಐತೆ ಅಂತ ಹೇಳಿದ್ದು ನೀನು. ತೊಳೆದಿದ್ದು ನೀನು. ಸುಣ್ಣ ಬಳಿದಿದ್ದೂ ನೀನೇ. ಅವಾಗ ಬಾಯಿ ಇರಲಿಲ್ವಾ? ನನ್ನ ಮಾನ ಕಳೆಯೋಕೆ ಇವತ್ತೇ ಬೇಕಿತ್ತಾ ನಿನಗೆ?”

“ನಾನೇ ಸಾರ್. ಹೇಳಿದ್ದೂ ನಾನೇ, ತೊಳೆದಿದ್ದೂ ನಾನೇ. ಅದು ನನ್ನ ತಪ್ಪು. ಕಿತ್ತಿದ್ದು ಯಾರ ತಪ್ಪು?”

“ಕಳಿಸೋ ಇವಳನ್ನ ಆಚೆಗೆ” ಎಂದು ನಾಗೇಂದ್ರಪ್ಪನಿಗೆ ಹೇಳಿದರು. ಹೆಸರು ಹಿಡಿಯಲಿಲ್ಲ. ನಾಗೇಂದ್ರಪ್ಪ ಮುಟ್ಟದೆ, ಪೊರಕೆಯ ಹಿಡಿಯಿಂದ ಅವಳ ಬೆನ್ನು ತಿವಿಯುತ್ತಾ ಗೇಟಿನವರೆಗೆ ದಬ್ಬಿದ.

ಕಾಲೋನಿಗೆ ನಡೆದದ್ದು ಅವಳಿಗೆ ನೆನಪಿಲ್ಲ. ಬೇವಿನ ಮರದಡಿ ಹೆಂಗಸರು ಶೇಂಗಾ ಬಿಡಿಸುತ್ತಿದ್ದರು. ಅವಳು ಹೋಗಿ ಮಧ್ಯದಲ್ಲಿ ನಿಂತಳು. ಎಲ್ಲವನ್ನೂ ಹೇಳಿದಳು. ಏನನ್ನೂ ಬಿಡಲಿಲ್ಲ. ಜಾಗ ತೋರಿಸಿದ್ದು ತಾನೆಂದಳು. ಮುಟ್ಟಬೇಡಿ ಎನ್ನಲು ನಾಚಿಕೆಯಾಯಿತು ಎಂದಳು.

“ನಾಚಿಕೆಯಾ?” ಎಂದಳು ಸೂರಮ್ಮ. “ನಾವು ನಾಚಿಕೇನೇನೇ ನಿನಗೆ?”

ಸೊಂಟ ಹಿಡಿದುಕೊಂಡು ಎದ್ದು ಬಂದು ಹೊಡೆದಳು. ಕೆಂಚಕ್ಕ ಮುಖ ಸರಿಸಲಿಲ್ಲ.

ಪಾತಮ್ಮ ಹೊಡೆಯಲಿಲ್ಲ. ಅವಳು ಕೇಳಿದ್ದು ಬೇರೆ. “ಹೋಗ್ಲಿ ಬಿಡಮ್ಮ. ಕಲ್ಲು ಅಲ್ಲೇ ಐತಲ್ಲ, ಹೊತ್ಕೊಂಡು ಬರಾಣ. ನನ್ನ ಮಗಂದು ನಾನು ಗುರುತು ಹಿಡೀತೀನಿ. ಹುಂಜ ಬರೆದಿದ್ದೆ, ಬಾಲ ಸ್ವಲ್ಪ ದಪ್ಪ.”

“ತೊಳೆದುಬಿಟ್ಟೆ ಪಾತಮ್ಮಜ್ಜಿ.”

“ಅದನ್ನೂನಾ?”

“ಎಲ್ಲಾನೂ. ನಮ್ಮಪ್ಪಂದು ಒಂದು ಬಿಟ್ಟು ಯಾವುದೂ ಗೊತ್ತಾಗಲ್ಲ.”

ಪಾತಮ್ಮ ಬಿಡಿಸಿದ ಶೇಂಗಾ ಬೀಜವನ್ನು ಮತ್ತೆ ಸಿಪ್ಪೆಯ ಗುಡ್ಡೆಗೆ ಹಾಕಿದಳು. ಏನು ಮಾಡುತ್ತಿದ್ದೇನೆಂದು ಅವಳಿಗೆ ಗೊತ್ತಿದ್ದಂತೆ ಕಾಣಲಿಲ್ಲ. ಆಮೇಲೆ ಸೂರಮ್ಮನೇ ತಲೆಗೆ ಸಿಂಬಿ ಸುತ್ತಿಕೊಂಡಳು. “ಯಾರದು ಯಾರದಾದರೂ ಆಗ್ಲಿ. ನಮ್ಮವೇ ತಾನೆ? ನಡೀರಿ” ಎಂದಳು.

ಮೂವತ್ತು ಜನ ಹೊರಟರು. ಬಸ್ ನಿಲ್ದಾಣದ ಎದುರಿನ ದಾರಿಯಲ್ಲೇ ಹೋದರು. ಹೋಟೆಲಿನವರು ಲೋಟ ಹಿಡಿದುಕೊಂಡು ಹೊರಗೆ ಬಂದು ನೋಡಿದರು. ಎಲ್ಲರ ಹಿಂದೆ ಕೆಂಚಕ್ಕ ನಡೆಯುತ್ತಿದ್ದಳು. ಯಾರೂ ಅವಳ ಜೊತೆ ಮಾತಾಡಲಿಲ್ಲ, ಯಾರೂ ಬರಬೇಡ ಎನ್ನಲೂ ಇಲ್ಲ.

ಶಾಲೆಯ ಗೇಟಿಗೆ ಬೀಗ ಬಿದ್ದಿತ್ತು. ಒಳಗೆ ಪಿರಮಿಡ್ಡನ್ನು ಆಗಲೇ ಕೆಡವಿದ್ದರು. ಕಲ್ಲುಗಳು ಅಂಗಳದ ತುಂಬ ಚೆಲ್ಲಾಪಿಲ್ಲಿಯಾಗಿ ಬಿದ್ದಿದ್ದವು. ಎಲ್ಲವೂ ಒಂದೇ ಥರ ಬೆಳ್ಳಗೆ. ಪಾತಮ್ಮ ಸರಳುಗಳ ನಡುವೆ ಮುಖ ತೂರಿಸಿ ಒಂದೊಂದನ್ನೇ ನೋಡತೊಡಗಿದಳು. ನಾಗೇಂದ್ರಪ್ಪ ಗಂಟೆ ತೂಗುಹಾಕಿದ ಕಂಬದ ಹತ್ತಿರ ಬೀಗದ ಕೈ ಹಿಡಿದು ನಿಂತಿದ್ದ. ಮುರುಗೇಂದ್ರಪ್ಪನವರು ಹೆಡ್ಮಾಸ್ತರ ಕುರ್ಚಿಯಲ್ಲಿ ಬೆನ್ನು ಮಾಡಿ ಕೂತದ್ದು ಕಿಟಕಿಯಲ್ಲಿ ಕಾಣುತ್ತಿತ್ತು. ಓಂಕಾರಮೂರ್ತಿ ಮೇಷ್ಟ್ರು ಜಗಲಿಯ ಮೇಲೆ ಬ್ಯಾಗು ನೇತುಹಾಕಿಕೊಂಡು ನಿಂತಿದ್ದರು. ಚಳ್ಳಕೆರೆಯ ಬಸ್ಸಿನ ಹೊತ್ತಾಗಿತ್ತು. ಗೇಟು ತೆಗೆಯದೆ ಅವರೂ ಹೋಗುವಂತಿರಲಿಲ್ಲ.

ಗೇಟಿನ ಮುಂದೆ ನಿಂತಿದ್ದ ಇಷ್ಟು ಜನದಲ್ಲಿ ಒಳಗಿನವರ ಜೊತೆ ಮಾತಾಡಿ ಗೊತ್ತಿದ್ದವಳು ಒಬ್ಬಳೇ. ಸೂರಮ್ಮ ಹಿಂದಕ್ಕೆ ತಿರುಗಿ ಮಗಳನ್ನು ನೋಡಿದಳು. ಪಾತಮ್ಮನೂ ನೋಡಿದಳು. ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಕೆಂಚಕ್ಕ ಮುಂದೆ ಬಂದು ಸರಳು ಹಿಡಿದುಕೊಂಡಳು. ಬೆರಳ ತುದಿ ಇನ್ನೂ ಉರಿಯುತ್ತಿತ್ತು.

“ಸಾರ್” ಎಂದಳು. “ಗೇಟು ತೆಗೆಸ್ರಿ. ನಮ್ಮ ಕಲ್ಲು ನಾವು ತಗೊಂಡು ಹೋಗ್ತೀವಿ.”

ಮೇಷ್ಟ್ರು ಬ್ಯಾಗನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿಕೊಂಡು ಗೋಡೆಯ ಕಡೆ ತಿರುಗಿ ನಿಂತರು.